ಇಮಾಮರ ಹಿಂದೆ ಫಾತಿಹಾ: ಘಟ್ಟದ ಮೇಲಿನ ಮೌನ, ಕರಾವಳಿಯ ಓದು

ಜಮಾತಿನ ನಮಾಜಿನಲ್ಲಿ ಇಮಾಮರ ಹಿಂದೆ ನಿಂತವರು ಕುರ್‌ಆನಿನ ಮೊದಲ ಅಧ್ಯಾಯವಾದ ಫಾತಿಹಾವನ್ನು ತಾವೂ ಓದಬೇಕೇ, ಇಮಾಮರ ಓದೇ ಎಲ್ಲರಿಗೂ ಸಾಲುತ್ತದೆಯೇ ಎಂಬುದು ಇಸ್ಲಾಮಿ ಧರ್ಮಶಾಸ್ತ್ರದ ಅತಿ ಹಳೆಯ ಭಿನ್ನಾಭಿಪ್ರಾಯಗಳಲ್ಲಿ ಒಂದು. ಕರ್ನಾಟಕದಲ್ಲಿ ಇದಕ್ಕೆ ಎರಡು ಉತ್ತರಗಳು ಎರಡು ಸೀಮೆಗಳಲ್ಲಿ ನೆಲೆ ನಿಂತಿವೆ. ಕಲಘಟಗಿ ತಾಲೂಕಿನ ದೇವಿಕೊಪ್ಪ, ಅದರಾಚೆಯ ಕುಂದಗೋಳ, ನವಲಗುಂದ, ಅಣ್ಣಿಗೇರಿ, ಹುಬ್ಬಳ್ಳಿ ಎಲ್ಲವೂ ಹನಫಿ ಸಂಪ್ರದಾಯದ ಸೀಮೆ. ಇಲ್ಲಿ ಇಮಾಮರ ಹಿಂದೆ ನಿಂತವರು ಓದುವುದಿಲ್ಲ. ಕಲಘಟಗಿ, ಯಲ್ಲಾಪುರದ ಮೇಲೆ ಹಾಯ್ದು ಅರಬೈಲ್ ಘಟ್ಟ ಇಳಿದು ಅಂಕೋಲಾ ಸೇರಿ, ಅಲ್ಲಿಂದ ದಕ್ಷಿಣಕ್ಕೆ ಭಟ್ಕಳದ ಕಡೆ ತಿರುಗಿದರೆ ಶಾಫಿಈ ಸೀಮೆ ಸಿಗುತ್ತದೆ. ಅಲ್ಲಿನ ನವಾಯತರು ಮತ್ತು ಇನ್ನೂ ಕೆಳಗಿನ ಬ್ಯಾರಿಗಳ ಪಾಲಿಗೆ ಇಮಾಮರ ಹಿಂದೆ ಫಾತಿಹಾ ಓದದವರ ನಮಾಜು ಪೂರ್ತಿಯಾಗದು.

ಫಾತಿಹಾ ಏಳು ವಾಕ್ಯಗಳ ಸಣ್ಣ ಅಧ್ಯಾಯ. ಧಾರವಾಡ ಸೀಮೆಯ ಮುಸ್ಲಿಂ ಮನೆಗಳಲ್ಲಿ ಅದನ್ನು ‘ಅಲ್‌ಹಮ್ದು’ ಎನ್ನುವುದೇ ಹೆಚ್ಚು. ದರ್ಗಾದಲ್ಲೋ ಮೊಹರಮ್ಮಿನ ಅಲಾಯಿ ದೇವರ ಮುಂದೆಯೋ ಸಕ್ಕರೆ ಓದಿಸಿಕೊಂಡು ಬರುವ ಹಿಂದೂಗಳ ಕಿವಿಗೂ ಅದು ಹೊಸದಲ್ಲ. ದಿನದ ಐದು ಕಡ್ಡಾಯ ನಮಾಜುಗಳಲ್ಲಿ ಒಟ್ಟು 17 ರಕಾತ್‌ಗಳು, ಅಂದರೆ ನಮಾಜಿನ ಸುತ್ತುಗಳು, ಇವೆ. ಫಜ್ರ್‌ನ ಎರಡು, ಮಗ್ರಿಬ್‌ನ ಮೊದಲ ಎರಡು, ಇಶಾದ ಮೊದಲ ಎರಡು, ಹೀಗೆ ಆರರಲ್ಲಿ ಮಾತ್ರ ಇಮಾಮರು ಗಟ್ಟಿಯಾಗಿ ಓದುತ್ತಾರೆ. ಉಳಿದ ಹನ್ನೊಂದರಲ್ಲಿ ಅವರ ಓದು ಹಿಂದಿನವರಿಗೆ ಕೇಳಿಸುವುದಿಲ್ಲ. ಈ ಆರು ಮತ್ತು ಹನ್ನೊಂದರ ಅಂತರವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಯಾವ ಪಂಥದ ವಾದವನ್ನೂ ಸರಿಯಾಗಿ ತೂಗಲಾಗದು.

ಹನಫಿ ಪಂಥ ಕೂಫಾದ ಅಬೂ ಹನೀಫಾ (ನಿಧನ 767) ಅವರಿಂದ ಬಂದದ್ದು. ಅದರ ನಿಲುವು ಬರಿಯ ರೂಢಿಯಲ್ಲ, ಪ್ರಮಾಣಗಳ ಬಗೆಗಿನ ಒಂದು ಬಿಗಿಯಾದ ಸಿದ್ಧಾಂತದ ಫಲ. ಕುರ್‌ಆನಿನ 73ನೇ ಅಧ್ಯಾಯದ 20ನೇ ವಾಕ್ಯ ಕುರ್‌ಆನಿನಿಂದ ಸುಲಭವಾದಷ್ಟನ್ನು ಓದಲು ಹೇಳುತ್ತದೆ. ಅಲ್ಲಿ ಯಾವುದೇ ಅಧ್ಯಾಯದ ಹೆಸರಿಲ್ಲ. ಫಾತಿಹಾ ಓದದವರಿಗೆ ನಮಾಜೇ ಇಲ್ಲ ಎಂಬ ಅರ್ಥದ ಹದೀಸು ಬುಖಾರಿ ಮತ್ತು ಮುಸ್ಲಿಂ ಎಂಬ ವಿದ್ವಾಂಸರ ಹದೀಸು ಸಂಗ್ರಹಗಳೆರಡರಲ್ಲೂ ಇದೆ. ಅದನ್ನು ವರದಿ ಮಾಡಿದವರು ಪ್ರವಾದಿಯವರ ಸಂಗಾತಿ ಉಬಾದಾ ಬಿನ್ ಸಾಮಿತ್. ಆದರೆ ಬಿಡಿ ವರದಿಯಾಗಿ ಬಂದ ಹದೀಸು ಎಷ್ಟೇ ಸಾಚಾ ಇರಲಿ, ಕುರ್‌ಆನಿನ ಸ್ಪಷ್ಟ ಪಾಠಕ್ಕೆ ಹೊಸ ಕರಾರನ್ನು ಸೇರಿಸಲಾರದು ಎಂಬುದು ಹನಫಿ ಮೀಮಾಂಸೆ. ಆದ್ದರಿಂದ ಕುರ್‌ಆನಿನ ಏನಾದರೂ ಒಂದನ್ನು ಓದುವುದು ಫರ್ಜ್ (ಕಡ್ಡಾಯ) ಆಯಿತು, ಫಾತಿಹಾವನ್ನೇ ಓದುವುದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ವಾಜಿಬ್ ಆಯಿತು. ಒಂಟಿಯಾಗಿ ನಮಾಜು ಮಾಡುವವರಿಗೂ ಇಷ್ಟೇ.

ಹಿಂದೆ ನಿಂತವರ ವಿಷಯಕ್ಕೆ ಬಂದಾಗ 7ನೇ ಅಧ್ಯಾಯದ 204ನೇ ವಾಕ್ಯ ಮುಂದೆ ಬರುತ್ತದೆ. ಕುರ್‌ಆನ್ ಓದುವಾಗ ಕಿವಿಗೊಟ್ಟು ಕೇಳಿ, ಮೌನವಾಗಿರಿ ಎಂಬುದು ಅದರ ಆಜ್ಞೆ. ಇಲ್ಲಿ ಎರಡು ಆಜ್ಞೆಗಳಿವೆ ಎನ್ನುತ್ತಾರೆ ಹನಫಿಗಳು. ಗಟ್ಟಿ ಓದಿನಲ್ಲಿ ಕೇಳುವುದೂ ಮೌನವೂ ಸೇರಿ ಅನ್ವಯಿಸುತ್ತವೆ, ಮೆಲುದನಿಯ ಓದಿನಲ್ಲಿ ಮೌನ ಮಾತ್ರ ಉಳಿಯುತ್ತದೆ. ಇಮಾಮ್ ಇದ್ದವರಿಗೆ ಇಮಾಮರ ಓದೇ ಓದು ಎಂಬ ಅರ್ಥದ, ಸಂಗಾತಿ ಜಾಬಿರ್ ಅವರಿಂದ ಬಂದ ಹದೀಸನ್ನು ಇದಕ್ಕೆ ಜೋಡಿಸುತ್ತಾರೆ. ಇಮಾಮರೊಂದಿಗೆ ಯಾವುದರಲ್ಲೂ ಓದಿಲ್ಲ ಎಂಬ ಇನ್ನೊಬ್ಬ ಸಂಗಾತಿ ಝೈದ್ ಬಿನ್ ಸಾಬಿತ್ ಅವರ ಅಭಿಪ್ರಾಯ ಮುಸ್ಲಿಂ ಸಂಗ್ರಹದಲ್ಲೇ ಇದೆ. ಇಬ್ನ್ ಉಮರ್ ಇಮಾಮರ ಹಿಂದೆ ಓದುತ್ತಿರಲಿಲ್ಲ ಎಂಬುದನ್ನು ಮಾಲಿಕ್ ಅವರ ‘ಮುವತ್ತಾ’ ದಾಖಲಿಸಿದೆ. ಈ ಎಲ್ಲದರ ಹಿಂದೆ ಒಂದು ಘನವಾದ ಕಲ್ಪನೆ ಇದೆ: ಜಮಾತ್ ಎಂದರೆ ಅಕ್ಕಪಕ್ಕ ನಿಂತು ಬೇರೆ ಬೇರೆ ನಮಾಜು ಮಾಡುವ ನೂರು ಜನರಲ್ಲ, ಒಬ್ಬರ ಬಾಯಿಂದ ಸಲ್ಲುವ ಎಲ್ಲರ ಒಂದೇ ನಮಾಜು. ಹನಫಿ ಸಂಪ್ರದಾಯದ ನಿಜವಾದ ಬಲ ಇರುವುದು ಇಲ್ಲಿಯೇ. ಅದನ್ನು ಬಿಟ್ಟು ಹದೀಸುಗಳ ಲೆಕ್ಕ ಹಿಡಿದು ಹೋರಾಡುವ ಹನಫಿ ಬರಹಗಾರರು ತಮ್ಮ ಪಂಥದ ಒಳ್ಳೆಯ ವಾದವನ್ನೇ ಮನೆಯಲ್ಲಿ ಬಿಟ್ಟು ಹೊರಡುತ್ತಾರೆ.

ಶಾಫಿಈ ಪಂಥದ ಮೂಲ ಪುರುಷ ಮುಹಮ್ಮದ್ ಬಿನ್ ಇದ್ರೀಸ್ ಅಲ್ ಶಾಫಿಈ (ನಿಧನ 820). ಬಿಡಿ ವರದಿಯ ಹದೀಸು ಕುರ್‌ಆನಿನ ಸಾಮಾನ್ಯ ಮಾತನ್ನು ನಿರ್ದಿಷ್ಟಗೊಳಿಸಬಲ್ಲದು ಎಂದು ಅವರು ಒಪ್ಪಿದ್ದರಿಂದ, ಉಬಾದಾ ಅವರ ಹದೀಸೇ ಇಡೀ ವಿಷಯವನ್ನು ತೀರ್ಮಾನಿಸಿತು. ಅದರಲ್ಲಿ ಇಮಾಮ್, ಒಂಟಿ, ಹಿಂದೆ ನಿಂತವರು ಎಂಬ ಭೇದವಿಲ್ಲ. ಹಾಗಾಗಿ ಫಾತಿಹಾ ಎಲ್ಲರ ಮೇಲೂ ನಮಾಜಿನ ಒಂದು ಸ್ತಂಭ. ಗಟ್ಟಿ ಓದಿನ ನಮಾಜಿನಲ್ಲಿ ಹಿಂದಿನವರಿಗೆ ವಿನಾಯಿತಿ ಕೊಟ್ಟಿದ್ದ ತಮ್ಮ ಹಳೆಯ ಅಭಿಪ್ರಾಯವನ್ನು ಶಾಫಿಈ ಬದಲಿಸಿಕೊಂಡರು. ಪಂಥ ಹೊಸದನ್ನೇ ಹಿಡಿಯಿತು. ಸಂಗಾತಿ ಅಬೂ ಹುರೈರಾ ಅವರಿಂದ ಬಂದ, ಫಾತಿಹಾ ಇಲ್ಲದ ನಮಾಜು ಊನ ಎಂದು ಮೂರು ಸಲ ಸಾರುವ ಹದೀಸು ಈ ಪಕ್ಷದ ಇನ್ನೊಂದು ಆಧಾರ. ಇಮಾಮರ ಹಿಂದೆ ಇರುವಾಗ ಏನು ಮಾಡುವುದೆಂದು ಕೇಳಿದವರಿಗೆ ಮನಸ್ಸಿನಲ್ಲೇ ಓದಿಕೊಳ್ಳಲು ಅಬೂ ಹುರೈರಾ ಹೇಳಿದರು. ಪ್ರವಾದಿಯವರು ಸೃಷ್ಟಿಕರ್ತ ಮತ್ತು ದಾಸನ ನಡುವಿನ ಸಂವಾದವಾಗಿ ಫಾತಿಹಾವನ್ನು ಬಣ್ಣಿಸಿದ ಪ್ರಸಿದ್ಧ ವರದಿಯೂ ಇದರ ಬೆನ್ನಿಗೇ ಬರುತ್ತದೆ. ಆ ಸಂವಾದವನ್ನು ಇನ್ನೊಬ್ಬರಿಗೆ ವಹಿಸಿಕೊಡುವುದು ಹೇಗೆ ಎಂಬ ಶಾಫಿಈಗಳ ಪ್ರಶ್ನೆಗೆ ಭಾವದ ಬಲವಿದೆ.

ಎರಡೂ ಪಕ್ಷಗಳ ಪ್ರಮಾಣಗಳಲ್ಲಿ ಬಿರುಕುಗಳಿವೆ. ಜಾಬಿರ್ ಅವರ ಹದೀಸಿನ ವರದಿಸರಣಿಯಲ್ಲಿ ಮೂಲ ಸಂಗಾತಿಯ ಹೆಸರು ಬಿಟ್ಟುಹೋಗಿದೆ ಎಂದು ದಾರಕುತ್ನಿಯಂಥ ಪರಿಣತರು ತೋರಿಸಿದ್ದಾರೆ. ಫಜ್ರ್ ನಮಾಜಿನಲ್ಲಿ ಹಿಂದಿನವರ ಓದಿನಿಂದ ತೊಡಕಾದಾಗ ಪ್ರವಾದಿಯವರು ಫಾತಿಹಾ ಒಂದನ್ನು ಬಿಟ್ಟು ಬೇರೆ ಓದಬೇಡಿ ಎಂದರೆಂಬ ವರದಿ ಅಬೂ ದಾವೂದ್ ಮತ್ತು ತಿರ್ಮಿಝಿ ಅವರ ಹದೀಸು ಸಂಗ್ರಹಗಳಲ್ಲಿದೆ. ಅದು ಸ್ಥಿರವಾಗಿದ್ದರೆ ವಾದ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದರ ಮುಖ್ಯ ವರದಿಗಾರ ಇಬ್ನ್ ಇಸ್ಹಾಕ್ ಬಗ್ಗೆ ಹದೀಸು ವಿದ್ವಾಂಸರಲ್ಲೇ ಒಮ್ಮತವಿಲ್ಲ. ಇಮಾಮ್ ಓದಿದಾಗ ಮೌನವಾಗಿರಿ ಎಂಬ ಮಾತನ್ನು ಇಮಾಮ್ ಮುಸ್ಲಿಂ ತಮ್ಮ ಸಂಗ್ರಹದಲ್ಲಿ ಸೇರಿಸಿಕೊಂಡರೆ, ಅದೇ ಮಾತು ಸುರಕ್ಷಿತವಾಗಿ ಬಂದಿಲ್ಲ ಎಂದು ಅಬೂ ದಾವೂದ್ ಹೇಳಿದರು. ತನ್ನ ಕಡೆ ಮಾತ್ರ ಸಾಚಾ ಹದೀಸಿದೆ ಎನ್ನುವ ಯಾವ ಕರಪತ್ರವನ್ನೂ ನಂಬಬೇಕಾಗಿಲ್ಲ.

ಶಾಫಿಈ ನಿಲುವಿನ ಬಹುದೊಡ್ಡ ತೊಡಕು ತಡವಾಗಿ ಬಂದವರದು. ಇಮಾಮರು ರುಕೂಗೆ ಬಾಗಿದ ಮೇಲೆ ಬಂದು ಸೇರಿದವರಿಗೆ ಆ ರಕಾತ್ ಸಿಕ್ಕಿತೆಂದು ಸುನ್ನಿಗಳ ನಾಲ್ಕೂ ಪಂಥಗಳು ಒಪ್ಪುತ್ತವೆ. ಅವರು ಫಾತಿಹಾ ಓದಿಲ್ಲ. ಹಾಗಾದರೆ ಸ್ತಂಭ ಎಲ್ಲಿ ಹೋಯಿತು? ಅಂಥವರ ಪಾಲಿನ ಓದನ್ನು ಇಮಾಮರೇ ಹೊರುತ್ತಾರೆ ಎಂಬುದು ಶಾಫಿಈಗಳ ಉತ್ತರ. ಇಮಾಮರು ಒಬ್ಬರ ಓದನ್ನು ಹೊರಬಲ್ಲರಾದರೆ ಹನಫಿಗಳು ಹೇಳುವ ಮೂಲ ತತ್ವಕ್ಕೆ ಬಾಗಿಲು ತೆರೆದಂತೆಯೇ ಆಯಿತು. ಇಮಾಮ್ ಬುಖಾರಿ (ನಿಧನ 870) ಈ ತೊಡಕನ್ನು ಕಂಡೇ, ಇಮಾಮರ ಹಿಂದಿನ ಓದಿನ ಬಗ್ಗೆ ಬರೆದ ತಮ್ಮ ಪ್ರತ್ಯೇಕ ಹೊತ್ತಗೆಯಲ್ಲಿ ರುಕೂ ಮಾತ್ರ ಸಿಕ್ಕವರಿಗೆ ರಕಾತ್ ಸಿಗದು ಎಂಬ ಕಡೆಗೆ ವಾಲಿದರು. ತರ್ಕಕ್ಕೆ ಅದು ನಿಷ್ಠ, ಆದರೆ ಮುಸ್ಲಿಂ ಸಮುದಾಯದ ಬಹುಪಾಲು ಆ ದಾರಿ ಹಿಡಿಯಲಿಲ್ಲ.

ಹನಫಿ ನಿಲುವಿನ ತೊಡಕು ಆ ಹನ್ನೊಂದು ರಕಾತ್‌ಗಳಲ್ಲಿದೆ. ಕೇಳಿಸುವ ಓದಿಗೆ ಮೌನ ಎಂಬುದು ಕುರ್‌ಆನಿನ ಆಜ್ಞೆಗೂ ವಿವೇಕಕ್ಕೂ ಒಪ್ಪುವ ಮಾತು. ಕೇಳಿಸದ ಓದಿಗೂ ಮೌನ ಎನ್ನುವಾಗ, ಕೇಳುವುದಕ್ಕಾಗಿ ಇರುವ ಮೌನವನ್ನು ಕೇಳುವುದರಿಂದ ಬಿಡಿಸಿ ಸ್ವತಂತ್ರ ವಿಧಿಯಾಗಿ ಮಾಡಬೇಕಾಗುತ್ತದೆ. ಆ ವಾಕ್ಯದ ಸಹಜ ಓದು ಅಷ್ಟು ಭಾರವನ್ನು ತಾಳುವುದಿಲ್ಲ. ಮೆಲುದನಿಯ ನಮಾಜೊಂದರಲ್ಲಿ ಹಿಂದಿನಿಂದ ಯಾರೋ ಒಂದು ಅಧ್ಯಾಯ ಓದಿದ್ದರಿಂದ ತಮಗೆ ಗೊಂದಲವಾಯಿತೆಂದು ಪ್ರವಾದಿಯವರು ಹೇಳಿದ ವರದಿಯೊಂದನ್ನು ಹನಫಿಗಳು ಇಲ್ಲಿ ಮುಂದಿಡುತ್ತಾರೆ. ಆದರೆ ಆ ಓದು ಅವರ ಕಿವಿಗೆ ಬಿದ್ದಿತ್ತು ಎಂಬುದೇ ಅದು ದನಿ ಎತ್ತಿದ ಓದೆಂಬುದಕ್ಕೆ ಸಾಕ್ಷಿ. ಮಾಲಿಕೀ ಮತ್ತು ಹಂಬಲೀ ಪಂಥಗಳು ಗಟ್ಟಿ ಓದಿನಲ್ಲಿ ಕೇಳಬೇಕು, ಮೆಲು ಓದಿನಲ್ಲಿ ಓದಿಕೊಳ್ಳುವುದು ಒಳ್ಳೆಯದು ಎಂದವು. ಇಬ್ನ್ ತೈಮಿಯ್ಯಾ (ನಿಧನ 1328) ಇದನ್ನೇ ಎತ್ತಿ ಹಿಡಿದರು. ಪ್ರಮಾಣಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಈ ನಡುವಿನ ದಾರಿಯೇ ಹೆಚ್ಚು ಗಟ್ಟಿ.

ಹನಫಿ ಪಂಥದ ಒಳಗಿನಿಂದಲೇ ಈ ಮಾತು ಮತ್ತೆ ಮತ್ತೆ ಕೇಳಿಬಂದಿದೆ. ಅಬೂ ಹನೀಫಾರ ಶಿಷ್ಯ ಮುಹಮ್ಮದ್ ಬಿನ್ ಹಸನ್ ಶೈಬಾನಿ ಮುನ್ನೆಚ್ಚರಿಕೆಯ ದೃಷ್ಟಿಯಿಂದ ಓದುವುದನ್ನು ಮೆಚ್ಚಿದ್ದರೆಂಬ ಒಂದು ವರದಿಯನ್ನು ಹನಫಿ ಶಾಸ್ತ್ರಗ್ರಂಥ ‘ಹಿದಾಯಾ’ ಉಲ್ಲೇಖಿಸುತ್ತದೆ. ಶೈಬಾನಿಯವರ ಸ್ವಂತ ಗ್ರಂಥಗಳು ಬೇರೆ ಹೇಳುತ್ತವೆಂದು ಇಬ್ನುಲ್ ಹುಮಾಮ್ (ನಿಧನ 1457) ಅದನ್ನು ತಳ್ಳಿಹಾಕಿದರು. ದೆಹಲಿಯ ಶಾಹ್ ವಲಿಯುಲ್ಲಾ (1703–1762) ‘ಹುಜ್ಜತುಲ್ಲಾಹಿಲ್ ಬಾಲಿಗಾ’ದಲ್ಲಿ, ಇಮಾಮರಿಗೆ ಗೊಂದಲವಾಗದಂತೆ ಅವರ ವಿರಾಮಗಳಲ್ಲಿ ಮತ್ತು ಮೆಲು ಓದಿನ ನಮಾಜಿನಲ್ಲಿ ಫಾತಿಹಾ ಓದಲು ಎಡೆ ಮಾಡಿಕೊಟ್ಟರು. ಲಖನೌದ ಫಿರಂಗಿ ಮಹಲಿನ ಅಬ್ದುಲ್ ಹೈ (1848–1886) ಹನಫಿಗಳಾಗಿದ್ದುಕೊಂಡೇ ಈ ಒಂದು ವಿಷಯಕ್ಕೆ ‘ಇಮಾಮುಲ್ ಕಲಾಮ್’ ಎಂಬ ಗ್ರಂಥ ಬರೆದು ಪಂಥದ ವಾದಗಳನ್ನು ನಿರ್ಭೀತಿಯಿಂದ ಪರೀಕ್ಷಿಸಿದರು. ಇಮಾಮರ ಹಿಂದೆ ಓದುವವರ ಬಾಯಿಗೆ ಕೆಂಡ ಬೀಳಲಿ ಎಂಬಂಥ ಕಟುವಾದ ವರದಿಗಳೂ ಹನಫಿ ಪರಂಪರೆಯಲ್ಲಿ ಓಡಾಡಿವೆ. ಅವುಗಳ ಮೇಲೆ ಬುಖಾರಿ ನಡೆಸಿದ ಟೀಕೆ ನ್ಯಾಯವಾದದ್ದು.

19ನೇ ಶತಮಾನದಲ್ಲಿ ಉತ್ತರ ಭಾರತದ ಅಹ್ಲೆ ಹದೀಸ್ ಚಳವಳಿ ಈ ವಿಷಯವನ್ನು ಮದರಸಾದಿಂದ ಮಸೀದಿಯ ಸಾಲಿಗೆ ತಂದಿತು. ಫಾತಿಹಾ ಓದದ ಹನಫಿಗಳ ನಮಾಜೇ ಇಲ್ಲ ಎಂದು ಒಂದು ಕಡೆಯವರು ಸಾರಿದರು, ಓದುವವರು ಪಂಥದ್ರೋಹಿಗಳೆಂದು ಇನ್ನೊಂದು ಕಡೆಯವರು ತಿರುಗಿಬಿದ್ದರು. ದೇವಬಂದದ ರಶೀದ್ ಅಹ್ಮದ್ ಗಂಗೋಹಿ, ಅನ್ವರ್ ಶಾಹ್ ಕಾಶ್ಮೀರಿ ಮತ್ತು ಎದುರು ಪಕ್ಷದ ಅಬ್ದುರ್ರಹ್ಮಾನ್ ಮುಬಾರಕ್‌ಪುರಿ ಇದೊಂದಕ್ಕೇ ಪ್ರತ್ಯೇಕ ಗ್ರಂಥಗಳನ್ನು ಬರೆದರು. ಮನಸ್ಸಿನಲ್ಲಿ ಓದಿದ ಫಾತಿಹಾ ಯಾರಿಗೂ ಕೇಳದು. ಅದರ ಕೊನೆಯಲ್ಲಿ ಗಟ್ಟಿಯಾಗಿ ಹೇಳಿದ ‘ಆಮೀನ್’ ಮಾತ್ರ ಎಲ್ಲರಿಗೂ ಕೇಳುತ್ತದೆ. ಆದ್ದರಿಂದ ಜಗಳ ನ್ಯಾಯಾಲಯ ಮುಟ್ಟಿದ್ದು ಆಮೀನ್ ಮೂಲಕ. ಬನಾರಸಿನಿಂದ ಬಂದ ರಂಜಾನ್ ಪ್ರಕರಣದಲ್ಲಿ (1885) ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸೈಯದ್ ಮಹಮೂದ್, ಗಟ್ಟಿಯಾಗಿ ಆಮೀನ್ ಹೇಳುವುದು ಆರಾಧನೆಗೆ ಮಾಡಿದ ಅಡ್ಡಿಯಲ್ಲ ಎಂದು ಶಾಸ್ತ್ರಾಧಾರ ಸಹಿತ ಪ್ರತ್ಯೇಕ ತೀರ್ಪು ಬರೆದರು. 1889ರ ಅತಾವುಲ್ಲಾ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಮಸೀದಿ ಎಲ್ಲ ಮುಸ್ಲಿಮರದು, ತಮ್ಮ ಪಂಥದ ರೀತಿಯಲ್ಲಿ ಪ್ರಾಮಾಣಿಕವಾಗಿ ನಮಾಜು ಮಾಡುವವರನ್ನು ತಡೆಯಲಾಗದು ಎಂದು ಒಪ್ಪಿತು. ಮೌಲ್ವಿಗಳ ಕರಪತ್ರಗಳಿಗಿಂತ ಈ ತೀರ್ಪುಗಳು ಶಾಸ್ತ್ರದ ಹಳೆಯ ಔದಾರ್ಯಕ್ಕೆ ಹತ್ತಿರವಾಗಿದ್ದವು.

ಕರ್ನಾಟಕದ ಎರಡು ಸೀಮೆಗಳ ಭೇದ ಈ ಕದನಗಳಿಗಿಂತ ಬಹಳ ಹಿಂದಿನದು. ಕರಾವಳಿಗೆ ಇಸ್ಲಾಂ ಬಂದದ್ದು ಅರಬ್ಬಿ ಸಮುದ್ರದ ವ್ಯಾಪಾರದ ಜೊತೆ. 1340ರ ದಶಕದಲ್ಲಿ ಹೊನ್ನಾವರ ಕಂಡ ಇಬ್ನ್ ಬತೂತಾ ಅಲ್ಲಿನವರು ಶಾಫಿಈಗಳೆಂದು ಬರೆದರು. ಹುಡುಗಿಯರಿಗೆ 13, ಹುಡುಗರಿಗೆ 23 ಪಾಠಶಾಲೆಗಳಿದ್ದವೆಂದೂ ಅಲ್ಲಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಿತ್ತೆಂದೂ ಅವರ ಪ್ರವಾಸಕಥನ ಹೇಳುತ್ತದೆ. ತುಳುನಾಡಿನ ಮತ್ತು ಕಾಸರಗೋಡಿನ ದರ್ಸ್‌ಗಳಲ್ಲಿ (ಮಸೀದಿಯ ಪಾಠಶಾಲೆಗಳಲ್ಲಿ) ಪೊನ್ನಾನಿಯ ಝೈನುದ್ದೀನ್ ಮಖ್ದೂಮರ ‘ಫತ್‌ಹುಲ್ ಮುಈನ್’ ಶಾಫಿಈ ಶಾಸ್ತ್ರದ ಪಠ್ಯವಾಗಿ ನಿಂತಿತು. ಘಟ್ಟದ ಮೇಲೆ ಬಹಮನಿ, ಆದಿಲ್‌ಶಾಹಿ, ಮೊಗಲ್, ಸವಣೂರು ನವಾಬರ ಆಳ್ವಿಕೆ ನಡೆಯಿತು. 1502ರಲ್ಲಿ ಯೂಸುಫ್ ಆದಿಲ್‌ಶಾಹ ಶಿಯಾ ಪಂಥವನ್ನು ಘೋಷಿಸಿದ್ದರೂ, ಮೊದಲನೆಯ ಇಬ್ರಾಹಿಂ 1534ರಲ್ಲಿ ಪಟ್ಟಕ್ಕೆ ಬಂದ ಮೇಲೆ ಬಿಜಾಪುರ ಹನಫಿ ಸುನ್ನಿ ದಾರಿಗೆ ತಿರುಗಿತು. ಇಂದು ಉರ್ಸು, ಮಿಲಾದ್‌ಗಳ ವಿಷಯದಲ್ಲಿ ಹುಬ್ಬಳ್ಳಿ-ಧಾರವಾಡದ ಬರೇಲ್ವಿ ಮತ್ತು ದೇವಬಂದಿ ಜಮಾತುಗಳು ಎಷ್ಟೇ ಕಾದಾಡಿದರೂ ಇಮಾಮರ ಹಿಂದಿನ ಮೌನದಲ್ಲಿ ಒಂದೇ. ದೇವಬಂದಿಗಳ ‘ಬಹಿಷ್ತೀ ಝೇವರ್’ ಓದಿದವರಿಗೂ ಬರೇಲ್ವಿಗಳ ‘ಬಹಾರೆ ಶರೀಅತ್’ ಓದಿದವರಿಗೂ ಸಿಗುವ ಉತ್ತರ ಒಂದೇ.

ಘಟ್ಟ ಹತ್ತಿ ಇಳಿಯುವವರಿಗೆ ಶಾಸ್ತ್ರವು ದಾರಿ ಬಿಟ್ಟಿದೆ. ಶಾಫಿಈ ಇಮಾಮರು ಗಟ್ಟಿ ಓದಿನ ನಮಾಜಿನಲ್ಲಿ ಫಾತಿಹಾ ಮುಗಿಸಿ ಆಮೀನ್ ಆದ ಮೇಲೆ, ಹಿಂದಿನವರು ತಮ್ಮ ಫಾತಿಹಾ ಓದಿಕೊಳ್ಳುವಷ್ಟು ಹೊತ್ತು ಸುಮ್ಮನೆ ನಿಲ್ಲುವುದು ಸುನ್ನತ್, ಅಂದರೆ ಕಡ್ಡಾಯವಲ್ಲದಿದ್ದರೂ ಮೆಚ್ಚಿದ ರೂಢಿ. ಆ ವಿರಾಮದಲ್ಲಿ ದೇವಿಕೊಪ್ಪದ ಹನಫಿ ಸುಮ್ಮನೆ ನಿಂತಿದ್ದರೂ ಅವರ ಪಂಥದ ಪ್ರಕಾರ ನಮಾಜಿಗೆ ಊನವಿಲ್ಲ. ಹನಫಿ ಇಮಾಮರು ಅಷ್ಟು ಹೊತ್ತು ನಿಲ್ಲದೆ ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ. ಆಗ ಭಟ್ಕಳದಿಂದ ಹುಬ್ಬಳ್ಳಿಗೆ ಬಂದವರು ಇಮಾಮರು ಓದುತ್ತಿರುವಾಗಲೇ ತಮ್ಮ ಫಾತಿಹಾವನ್ನು ತಮಗಷ್ಟೇ ಕೇಳುವಂತೆ ಓದಿಕೊಳ್ಳಬೇಕು. ಮೊದಲಿನಿಂದಲೇ ಜೊತೆಗಿದ್ದು ಓದು ನಿಧಾನವಾದವರು ಇಮಾಮರಿಗಿಂತ ಮೂರು ದೀರ್ಘ ಸ್ತಂಭಗಳಷ್ಟು ಹಿಂದೆ ಬೀಳಬಹುದು ಎಂದು ಶಾಫಿಈ ಗ್ರಂಥಗಳು ಅನುಮತಿಸುತ್ತವೆ. ಮೆಲುದನಿಯಲ್ಲಿ ಓದುವ ಝುಹ್ರ್ ಮತ್ತು ಅಸ್ರ್ ನಮಾಜುಗಳಲ್ಲಿ ಈ ಇಕ್ಕಟ್ಟೇ ಇಲ್ಲ. ಕಡ್ಡಾಯ ನಮಾಜಿನ ಮೂರನೇ, ನಾಲ್ಕನೇ ರಕಾತ್‌ಗಳಲ್ಲಿ ಇಮಾಮರಿಗೂ ಫಾತಿಹಾ ಸುನ್ನತ್ ಮಾತ್ರ, ಕಡ್ಡಾಯವಲ್ಲ ಎಂಬುದು ಹನಫಿ ಮತ. ಹಾಗಿದ್ದರೂ ಅಂಥ ಇಮಾಮರ ಹಿಂದೆ ನಿಂತು ತನ್ನ ಪಾಲಿನ ಓದನ್ನು ತಾನೇ ಓದಿಕೊಳ್ಳಲು ಶಾಫಿಈ ಅನುಯಾಯಿಗೆ ಯಾವ ಅಡ್ಡಿಯೂ ಇಲ್ಲ.