ಹಿಂದಿನ ಸೀಟಿನ ಓದು

ಕನ್ನಡ ವಿಮರ್ಶೆಯಲ್ಲಿ ವಾಹನ ಕಾಣಿಸಿಕೊಂಡರೆ ಸಾಕು, ‘ಆಧುನಿಕತೆ’ ಎಂಬ ಪದ ಅದರ ಬೆನ್ನಿಗೇ ಬರುತ್ತದೆ. ಕಾದಂಬರಿಯೊಳಗೆ ಸೈಕಲ್ಲು ಬಂದರೆ ವಸಾಹತುಶಾಹಿ, ರೈಲು ಬಂದರೆ ರಾಷ್ಟ್ರ, ಕಾರು ಬಂದರೆ ಬಂಡವಾಳ. ಎಂ.ಎ. ತರಗತಿಯಲ್ಲಿ ನಾವು ಹೀಗೆಯೇ ಓದಲು ಕಲಿತೆವು, ಹೀಗೆಯೇ ಬರೆದು ಅಂಕವನ್ನೂ ಪಡೆದೆವು. ಈ ಓದು ಸುಳ್ಳೆಂದು ನಾನು ವಾದಿಸುತ್ತಿಲ್ಲ. ಆದರೆ ಅದು ಒಂದು ಸರಳ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುತ್ತದೆ. ಈ ವಾಹನವನ್ನು ಆರಿಸಿದವರು ಯಾರು? ಯಾರನ್ನು, ಏನನ್ನು ಹೊರಲೆಂದು ಆರಿಸಿದರು?

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯನ್ನೇ ನೋಡೋಣ. ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡಿಗೆ ಪಾದ್ರಿಯ ಜೊತೆ ಸೈಕಲ್ಲು ಬರುತ್ತದೆ. ಮತಾಂತರ, ಇಂಗ್ಲಿಷ್ ಶಿಕ್ಷಣ, ಹೊಸ ಬಗೆಯ ಬದುಕು ಎಲ್ಲವೂ ಆ ಎರಡು ಚಕ್ರಗಳ ಮೇಲೆ ಬಂದವೆಂದು ವಿಮರ್ಶಕರು ಹೇಳುತ್ತಾರೆ. ಸರಿಯೇ. ಆದರೆ ನನ್ನ ಗಮನ ಸೆಳೆಯುವುದು ಊರಿನವರು ಆ ಯಂತ್ರಕ್ಕೆ ಕೊಟ್ಟ ಹೆಸರು. ‘ಬೈಸಿಕಲ್’ ಅವರ ಬಾಯಲ್ಲಿ ‘ಬೀಸೆಕಲ್ಲು’ ಆಗುತ್ತದೆ. ಇದನ್ನು ನಾವು ಸಾಮಾನ್ಯವಾಗಿ ಹಾಸ್ಯವೆಂದು ನಕ್ಕು ಬಿಡುತ್ತೇವೆ. ಬೀಸುವ ಕಲ್ಲು ಮನೆಯೊಳಗೆ ಗುಂಡಗೆ ತಿರುಗುವ, ಹೆಂಗಸರ ತೋಳು ತಿರುಗಿಸುವ ವಸ್ತು. ಸವಾರನಿಗೆ ಸೈಕಲ್ಲು ದೂರದ ಲೋಕದ ಕರೆ. ಊರಿನ ನಾಲಿಗೆಗೆ ಅದು ದುಡಿಯುವ ಕಲ್ಲಿನ ಸಂಬಂಧಿ. ವಾಹನವನ್ನು ಬೆರಗಿನಿಂದ ನೋಡುವ ಕಣ್ಣು, ಮನೆಗೆಲಸದ ಲೆಕ್ಕದಲ್ಲಿ ನೋಡುವ ಕಣ್ಣು, ಎರಡೂ ಆ ಒಂದು ಪದದಲ್ಲಿ ಒಟ್ಟಿಗೆ ಇವೆ. ನಮ್ಮ ವಿಮರ್ಶೆ ಮೊದಲನೆಯದನ್ನು ಬೆಳೆಸಿತು, ಎರಡನೆಯದನ್ನು ಅಡಿಟಿಪ್ಪಣಿಗೆ ತಳ್ಳಿತು.

ವಿಟ್ಟೋರಿಯೊ ಡಿ ಸಿಕಾ ನಿರ್ದೇಶಿಸಿದ ‘ಬೈಸಿಕಲ್ ಥೀವ್ಸ್’ (1948) ಚಿತ್ರದ ಬಗ್ಗೆ ಬಂದ ಬರಹಗಳಲ್ಲೂ ಇದೇ ಆಗಿದೆ. ಯುದ್ಧಾನಂತರದ ರೋಮ್ ನಗರದಲ್ಲಿ ಆಂಟೋನಿಯೊಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ, ಆದರೆ ಸೈಕಲ್ ಇದ್ದರೆ ಮಾತ್ರ. ಆ ಸೈಕಲ್ಲಿನ ಕಂಪನಿ ‘ಫಿದೆಸ್’. ಲ್ಯಾಟಿನ್‌ನಲ್ಲಿ ಅದಕ್ಕೆ ‘ನಂಬಿಕೆ’ ಎಂದರ್ಥ. ಈ ಹೆಸರಿನ ಮೇಲೆ ಎಷ್ಟೋ ಪುಟಗಳು ಬಂದಿವೆ. ನನಗೆ ಅದಕ್ಕಿಂತ ದೊಡ್ಡ ದೃಶ್ಯ ಮಾರಿಯಾಳದು. ಗಿರವಿಯಲ್ಲಿದ್ದ ಸೈಕಲ್ಲನ್ನು ಬಿಡಿಸಲು ಅವಳು ಮನೆಯ ಹಾಸಿಗೆ ಹೊದಿಕೆಗಳನ್ನು ಗಂಟು ಕಟ್ಟಿ ಒಯ್ದು ಒತ್ತೆ ಇಡುತ್ತಾಳೆ. ಅಂಗಡಿಯ ನೌಕರ ಆ ಗಂಟನ್ನು ಹಿಡಿದು ಎತ್ತರದ ಕಪಾಟನ್ನು ಹತ್ತುತ್ತಾನೆ. ಅಲ್ಲಿ ಅಂಥ ಗಂಟುಗಳು ಸಾಲುಸಾಲಾಗಿವೆ. ಸೈಕಲ್ಲು ಆಂಟೋನಿಯೊನ ಹೆಸರಿನಲ್ಲಿ ಓಡುತ್ತದೆ, ಅದರ ಬೆಲೆಯನ್ನು ಕೊಟ್ಟವಳು ಮಾರಿಯಾ. ಅವಳು ಅದರ ಮೇಲೆ ಕೆಲಸಕ್ಕೆ ಹೋಗುವುದಿಲ್ಲ. ಚಿತ್ರದ ದ್ವಿತೀಯಾರ್ಧದಲ್ಲಿ ಹೆಚ್ಚು ಕಾಣುವುದೂ ಇಲ್ಲ. ಕಳ್ಳತನದ ಕಥೆಯನ್ನು ಹೊದಿಕೆಗಳ ಕಡೆಯಿಂದ ಓದಿದರೆ ನಷ್ಟದ ಪಟ್ಟಿಯೇ ಬೇರೆಯಾಗುತ್ತದೆ.

ಈ ಬೇರೆ ಪಟ್ಟಿಯನ್ನು ಪಿ. ಸಾಯಿನಾಥ್ ಬರೆದಿದ್ದಾರೆ. ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂಬ ಹೆಸರಿನಲ್ಲಿ ಕನ್ನಡಕ್ಕೂ ಬಂದಿರುವ ಅವರ ಪುಸ್ತಕದಲ್ಲಿ ತಮಿಳುನಾಡಿನ ಪುದುಕೋಟೈ ಜಿಲ್ಲೆಯ ವರದಿಯೊಂದಿದೆ. 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಭಾಗವಾಗಿ ಅಲ್ಲಿನ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಕೂಲಿಯವರು, ಕಲ್ಲುಕ್ವಾರಿಯವರು, ಅಂಗನವಾಡಿಯವರು ಎಲ್ಲರೂ ಅದರಲ್ಲಿದ್ದರು. ‘ಲೇಡೀಸ್ ಸೈಕಲ್’ ಸಾಕಷ್ಟು ಸಿಗದ ಕಾರಣಕ್ಕೆ ಗಂಡಸರ ಸೈಕಲ್ಲನ್ನೇ ಹತ್ತಿದವರಲ್ಲಿ ಕೆಲವರು ಆಮೇಲೆ ಅದೇ ಬೇಕು ಎಂದರು. ಸೀಟಿನಿಂದ ಹ್ಯಾಂಡಲ್‌ಗೆ ಹೋಗುವ ಅಡ್ಡಕಂಬಿಯ ಮೇಲೆ ಮಗುವನ್ನು ಕೂರಿಸಬಹುದಲ್ಲ! ಈ ಒಂದು ವಿವರ ನನಗೆ ಹಲವು ಸಿದ್ಧಾಂತ ಗ್ರಂಥಗಳಿಗಿಂತ ಹೆಚ್ಚಿನದನ್ನು ಕಲಿಸಿದೆ. ಅಡ್ಡಕಂಬಿ ಇರುವ ಸೈಕಲ್ಲು ಗಂಡಸಿನದು, ಇಲ್ಲದ್ದು ಹೆಂಗಸಿನದು ಎಂದು ಕಾರ್ಖಾನೆ ಹಾಕಿದ ಗೆರೆಯನ್ನು ಅವರು ಮಗುವಿನ ಕಾರಣಕ್ಕೆ ದಾಟಿದರು.

ಜಾಹೀರಾತುಗಳೂ ಪಠ್ಯಗಳೇ ಎಂದು ಒಪ್ಪಿಕೊಂಡರೆ ಓದು ಇನ್ನಷ್ಟು ಜಟಿಲವಾಗುತ್ತದೆ. ವರ್ಷಗಟ್ಟಲೆ ಸರದಿಯಲ್ಲಿ ಕಾದು ಸ್ಕೂಟರ್ ಪಡೆಯುತ್ತಿದ್ದ ಕಾಲದ ಕೊನೆಗೆ, 1989ರಲ್ಲಿ ಬಂದ ಬಜಾಜ್ ಜಾಹೀರಾತು ಸ್ಕೂಟರನ್ನು ಇಡೀ ದೇಶದ ಸ್ವತ್ತು ಎಂಬಂತೆ ತೋರಿಸಿತು. ಆದರೆ ಅದೇ ಸ್ಕೂಟರ್ ಎಷ್ಟೋ ಮನೆಗಳಿಗೆ ಬಂದದ್ದು ವರದಕ್ಷಿಣೆಯಾಗಿ. ಅಲ್ಲಿ ಹಣ ತೆತ್ತವನು ಹೆಣ್ಣಿನ ತಂದೆ, ಓಡಿಸಿದವನು ಅಳಿಯ. ಯಾರ ತವರಿನ ದುಡ್ಡೋ ಅವಳು ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕುಳಿತಳು. ‘ಜನ ಈ ವಾಹನವನ್ನು ಏಕೆ ಆರಿಸಿದರು’ ಎಂದು ಕೇಳುವಾಗ ‘ಜನ’ ಎಂದರೆ ಈ ಮೂವರಲ್ಲಿ ಯಾರು?

2008ರ ಜನವರಿಯಲ್ಲಿ ದೆಹಲಿಯಲ್ಲಿ ಪ್ರದರ್ಶನಗೊಂಡ ಟಾಟಾ ನ್ಯಾನೊದ ಕಥೆ ಹಿಂದಿನ ಸೀಟಿನಿಂದಲೇ ಹುಟ್ಟಿದ್ದು. ಗಂಡ, ಹೆಂಡತಿ, ಮಕ್ಕಳು ಒಂದೇ ಸ್ಕೂಟರಿನಲ್ಲಿ ಹೋಗುವುದನ್ನು ಕಂಡಾಗ ಈ ಯೋಚನೆ ಬಂತೆಂದು ರತನ್ ಟಾಟಾ ಹೇಳಿದ್ದರು. ಒಂದು ಲಕ್ಷ ರೂಪಾಯಿಯ ಕಾರು ಎಂಬುದೇ ಅದರ ಹೆಸರಾಯಿತು. 2018ರ ಹೊತ್ತಿಗೆ ಅದರ ತಯಾರಿಕೆ ನಿಂತೇಹೋಯಿತು. ಸಿಂಗೂರಿನಿಂದ ಗುಜರಾತಿಗೆ ಕಾರ್ಖಾನೆ ಸಾಗಿಸಬೇಕಾದದ್ದು, ಕೆಲವು ಕಾರುಗಳಿಗೆ ಬೆಂಕಿ ಹತ್ತಿಕೊಂಡದ್ದು ಹೀಗೆ ಕಾರಣಗಳು ಹಲವು. ಆದರೆ ‘ಅತಿ ಅಗ್ಗದ ಕಾರು’ ಎಂಬ ಹಣೆಪಟ್ಟಿ ಪೆಟ್ಟು ಕೊಟ್ಟಿತೆಂದು ಟಾಟಾ ಅವರೇ ಮುಂದೆ ಒಪ್ಪಿಕೊಂಡರು. ಮಳೆಯಲ್ಲಿ ನೆನೆಯುವ ಮಗುವನ್ನು ಆ ಕಾರು ಸರಿಯಾಗಿಯೇ ಓದಿತ್ತು. ಬೀದಿಯಲ್ಲಿ ನಿಂತು ನೋಡುವ ನೆರೆಯವರನ್ನು ಓದಲಿಲ್ಲ. ಹೊರೆ ಮತ್ತು ನೋಟ, ಈ ಎರಡರ ನಡುವಿನ ಜಗ್ಗಾಟದಲ್ಲಿ ವಾಹನದ ಆಯ್ಕೆ ನಡೆಯುತ್ತದೆ.

ನಮ್ಮ ಮನೆಯ ಆಯ್ಕೆಯೂ ಈ ಜಗ್ಗಾಟದಲ್ಲೇ ಆಯಿತು. ಅಪ್ಪನಿಗೆ ಬೈಕಿನ ಆಸೆ. ಶೋರೂಮಿನಲ್ಲಿ ಅವರು ಮೈಲೇಜಿನ ಮಾತಾಡುತ್ತಿದ್ದಾಗ ಅಮ್ಮ ಪಕ್ಕದಲ್ಲಿದ್ದ ಟಿವಿಎಸ್ ಎಕ್ಸೆಲ್ ತೋರಿಸಿ, “ಹಿಂದಿನ ಸೀಟು ಬಿಚ್ಚಕ್ಕೆ ಬತ್ತದೇನಪ್ಪ?” ಎಂದು ಹುಡುಗನನ್ನು ಕೇಳಿದರು. ಬರುತ್ತದೆ ಎಂದ. ಅಲ್ಲಿಗೆ ತೀರ್ಮಾನವಾಯಿತು. ಬೆಳಿಗ್ಗೆ ಸೀಟು ಬಿಚ್ಚಿ ಡೇರಿಗೆ ಹಾಲಿನ ಕ್ಯಾನು, ಸಂಜೆ ಮುಂದಿನ ಜಾಗದಲ್ಲಿ ಹಸಿಹುಲ್ಲಿನ ಹೊರೆ, ಭಾನುವಾರ ಸೀಟು ಹಾಕಿದರೆ ಅಮ್ಮನ ಸಂತೆ. ನಮ್ಮ ಕಡೆ ಹಳ್ಳಿ ರಸ್ತೆಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುವ ಈ ಗಾಡಿಯ ಮೇಲೆ ನಾಯಕ ಬಂದಿಳಿಯುವ ಕನ್ನಡ ಸಿನಿಮಾವನ್ನು ನಾನಂತೂ ನೋಡಿಲ್ಲ. ಹಾಸ್ಯ ಪಾತ್ರಗಳು ಬರುತ್ತವೆ. ನಾಯಕನಿಗೆ ಬುಲೆಟ್ಟೇ ಆಗಬೇಕು, ಅದೂ ಸಾಮಾನ್ಯವಾಗಿ ಒಬ್ಬನೇ. ಹಾಲಿನ ಕ್ಯಾನು ಹಿಂದೆ ಬಂದ ಕೂಡಲೇ ನಾಯಕತ್ವ ಇಳಿದುಹೋಗುತ್ತದೆಂದು ನಮ್ಮ ಕಥನ ನಂಬಿಕೊಂಡಿದೆ.

ವಿಚಿತ್ರವೆಂದರೆ ಹಿಂದೆ ಕುಳಿತವರನ್ನು ಗಮನವಿಟ್ಟು ನೋಡಿದ ಬರಹವೊಂದು ಕಾನೂನಿನಲ್ಲಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೇ ನಿಯಮದ ಪ್ರಕಾರ ಬೈಕಿನಲ್ಲಿ ಹಿಂಬದಿ ಸವಾರರಿಗೆ ಕೈಹಿಡಿ ಇರಬೇಕು, ಕಾಲಿಡಲು ಜಾಗವಿರಬೇಕು, ಅವರ ಬಟ್ಟೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆ ಇರಬೇಕು. ನಾವು ‘ಸೀರೆ ಗಾರ್ಡ್’ ಎನ್ನುವುದು ಇದನ್ನೇ. ಒಣ ಭಾಷೆಯ ಈ ನಿಯಮಕ್ಕೆ ಸೆರಗು ಕಂಡಿದೆ. ಹೊಸ ಗಾಡಿ ಕೊಂಡ ಹುಡುಗರು ಅಂದ ಕೆಡುತ್ತದೆಂದು ಮೊದಲು ಬಿಚ್ಚಿಸುವುದೂ ಅದನ್ನೇ.

ಇಲ್ಲಿಗೆ ನನ್ನ ವಾದ ಸುಲಭವಾಗಿ ಮುಗಿಯಬಹುದಿತ್ತು: ಹೊರೆ ನಿಜ, ಮೆರೆಯುವುದು ಪೊಳ್ಳು ಎಂದು. ಆದರೆ 2025ರ ಫೆಬ್ರುವರಿಯಲ್ಲಿ ತಮಿಳುನಾಡಿನ ಶಿವಗಂಗಾ ಜಿಲ್ಲೆಯಿಂದ ಬಂದ ಸುದ್ದಿ ಹಾಗೆ ಮುಗಿಸಲು ಬಿಡುವುದಿಲ್ಲ. ಬುಲೆಟ್ ಓಡಿಸಿದನೆಂಬ ಕಾರಣಕ್ಕೆ ಮೇಲ್ಜಾತಿಯವರು ಅವನ ಕೈಗಳಿಗೆ ಆಯುಧದಿಂದ ಹೊಡೆದರೆಂದು ದಲಿತ ವಿದ್ಯಾರ್ಥಿಯೊಬ್ಬನ ಕುಟುಂಬ ದೂರಿತು. ಹ್ಯಾಂಡಲ್ ಹಿಡಿಯುವ ಕೈಗಳಿಗೆ! ಮುಂದಿನ ಸೀಟನ್ನು ಯಾರಿಗೆ ತಲೆಮಾರುಗಳಿಂದ ನಿರಾಕರಿಸಲಾಗಿದೆಯೋ ಅವರು ಗಟ್ಟಿ ಸದ್ದಿನ ಗಾಡಿಯನ್ನು ಆರಿಸಿಕೊಂಡರೆ ಅದನ್ನು ಶೋಕಿ ಎನ್ನುವ ಅಧಿಕಾರ ನಮಗಿಲ್ಲ. ಪುದುಕೋಟೈಯ ಹೆಂಗಸರು ಸೈಕಲ್ ಹತ್ತಿದಾಗಲೂ ಗಂಡಸರು ಚುಚ್ಚುಮಾತು ಆಡಿದ್ದರು. ಮಗುವನ್ನು ಹೊತ್ತ ಅಡ್ಡಕಂಬಿಯ ಸೈಕಲ್ಲೇ ಅವರನ್ನು ಊರಿಗೆ ತಲೆಯೆತ್ತಿ ತೋರಿಸಿತು. ಹೊರೆ ಮತ್ತು ನೋಟ ಅಲ್ಲಿ ಬೇರೆ ಬೇರೆ ಇರಲಿಲ್ಲ.

ಹಾಗಾಗಿ ನಾನು ಕೇಳುತ್ತಿರುವುದು ರೂಪಕಗಳನ್ನು ಬಿಟ್ಟುಬಿಡೋಣ ಎಂದಲ್ಲ. ಅದಕ್ಕೆ ಮೊದಲು ಒಂದಿಷ್ಟು ಲೌಕಿಕ ಪ್ರಶ್ನೆಗಳನ್ನು ಕೇಳೋಣ. ದುಡ್ಡು ಯಾರದು? ಕೀಲಿ ಯಾರ ಜೇಬಿನಲ್ಲಿದೆ? ಹಿಂದೆ ಕೂತವರು ಯಾರು, ಎರಡೂ ಬದಿಗೆ ಕಾಲು ಹಾಕಿದ್ದಾರೋ ಒಂದೇ ಬದಿಗೋ? ಕಾಲಿನ ಬಳಿ ಸಿಲಿಂಡರ್ ಇದೆಯೋ, ಅಕ್ಕಿ ಮೂಟೆಯೋ, ನಿಂತ ಮಗುವೋ? ಕನ್ನಡದ ಸಣ್ಣಕಥೆಗಳನ್ನು ಈ ಪ್ರಶ್ನೆಗಳೊಂದಿಗೆ ಮತ್ತೆ ಓದುವ ಕೆಲಸ ಬಾಕಿ ಇದೆ. ‘ಅವನು ಬೈಕಿನಲ್ಲಿ ಬಂದ’ ಎಂಬ ವಾಕ್ಯ ಕಂಡಾಗ ನಾನೀಗ ಒಂದು ಕ್ಷಣ ನಿಲ್ಲುತ್ತೇನೆ. ಆ ಬೈಕಿಗೆ ಕಂತು ಕಟ್ಟುತ್ತಿರುವವರ ಹೆಸರು ಅದೇ ಕಥೆಯಲ್ಲಿ ಎಲ್ಲಾದರೂ ಬರುತ್ತದೆಯೇ ಎಂದು ಹುಡುಕುತ್ತೇನೆ.