ಚಾರಿಜಾರ್ಡ್ ಕಾರ್ಡಿನ ಯೋಗ್ಯತೆ

ವಿಮರ್ಶೆ ಎಂದರೆ ಕಥೆ, ಕಾದಂಬರಿಗಳಿಗೆ ಮಾತ್ರ ಸಲ್ಲುವ ಮರ್ಯಾದೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಸೀರೆ ಕೊಳ್ಳುವಾಗ ಸೆರಗನ್ನು ತಿರುವಿ ನೋಡುವುದು, ಅಕ್ಕಿಯನ್ನು ಅಂಗೈಯಲ್ಲಿ ತಿಕ್ಕಿ ನೋಡುವುದು, ಇವೂ ವಿಮರ್ಶೆಯೇ ತಾನೆ? ಹಾಗಾದರೆ ಮಕ್ಕಳ ಆಟದ ಒಂದು ಕಾರ್ಡನ್ನೂ ತಿರುವಿ ನೋಡುವುದರಲ್ಲಿ ತಪ್ಪೇನಿಲ್ಲ.

ಅಕ್ಕನ ಮಗ ಅಮೆರಿಕದಲ್ಲಿ ಬೆಳೆದವನು. ಹುಡುಗನಾಗಿದ್ದಾಗ ಅವನು ಕೂಡಿಟ್ಟ ಪೊಕೆಮಾನ್ ಕಾರ್ಡುಗಳಲ್ಲಿ ಈಗ ಅವನ ಹತ್ತು ವರ್ಷದ ಮಗ ಆಡುತ್ತಾನೆ. ರಜೆಗೆ ಊರಿಗೆ ಬಂದಾಗ ಅಪ್ಪನ ಜೊತೆ ದಿನವೂ ಆಡಿ ದಿನವೂ ಸೋತ. "ಎಲ್ಲಕ್ಕಿಂತ ದೊಡ್ಡ ಕಾರ್ಡು ನನ್ನ ಹತ್ರಾನೇ ಇದೆ ಅಜ್ಜಿ. ಆದ್ರೂ ಸೋಲ್ತೀನಿ. ನಾನು ದಡ್ಡನಾ?" ಎಂದು ಕೇಳಿದ. ಇಷ್ಟು ವರ್ಷ ಮಕ್ಕಳ ನಡುವೆ ಕಳೆದ ನನಗೆ ಆ ಕೊನೆಯ ಮಾತು ಚುಚ್ಚಿತು. ಹುಡುಗನನ್ನು ಅಳೆಯುವ ಮೊದಲು ಕಾರ್ಡನ್ನು ಅಳೆಯೋಣ ಎಂದು ಕುಳಿತೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು 1996ರಲ್ಲಿ ಜಪಾನಿನಲ್ಲಿ ಹುಟ್ಟಿ, 1999ರಲ್ಲಿ ಇಂಗ್ಲಿಷಿಗೆ ಬಂದ ಆಟ. ಆ ಮೊದಲ ಕಂತಿನಲ್ಲಿ 102 ಕಾರ್ಡುಗಳಿದ್ದವು. ಆಡುವವರಿಬ್ಬರ ಬಳಿಯೂ 60 ಕಾರ್ಡುಗಳ ಕಟ್ಟು ಇರುತ್ತದೆ. ಎದುರಾಳಿಯ ಪ್ರಾಣಿಯೊಂದು ಬಿದ್ದಾಗಲೆಲ್ಲ ನಮ್ಮ ಮುಂದೆ ಮಗುಚಿಟ್ಟ 6 ಬಹುಮಾನದ ಕಾರ್ಡುಗಳಲ್ಲಿ ಒಂದನ್ನು ಎತ್ತಿಕೊಳ್ಳುತ್ತೇವೆ. ಆರನ್ನೂ ಮೊದಲು ಎತ್ತಿದವರು ಗೆದ್ದಂತೆ. ಪ್ರಾಣಿ ಹೊಡೆಯಬೇಕಾದರೆ ಅದಕ್ಕೆ ಎನರ್ಜಿ ಕಾರ್ಡು ಉಣಿಸಬೇಕು. ಒಂದು ಸರದಿಗೆ ಒಂದೇ ಎನರ್ಜಿ. ಈ ಒಂದು ಕಟ್ಟಳೆಯಲ್ಲೇ ಆಟದ ಗುಟ್ಟೆಲ್ಲ ಅಡಗಿದೆ.

ಚಾರಿಜಾರ್ಡ್ ರೆಕ್ಕೆ ಬಿಚ್ಚಿ ಬೆಂಕಿ ಉಗುಳುವ ಪ್ರಾಣಿ. ಆಯುಸ್ಸು 120, ಆ ಕಂತಿನಲ್ಲಿ ಅದಕ್ಕಿಂತ ಹೆಚ್ಚಿನದು ಇಲ್ಲ. ಒಂದೇ ಪೆಟ್ಟಿಗೆ 100 ಕಳೆಯುತ್ತದೆ. ಮಕ್ಕಳು ಮರುಳಾಗುವುದು ಸಹಜ. ಆದರೆ ಅದು ನೇರವಾಗಿ ಅಂಗಳಕ್ಕೆ ಇಳಿಯುವುದಿಲ್ಲ. ಮೊದಲು ಚಾರ್ಮ್ಯಾಂಡರ್ ಎಂಬ ಮರಿಯನ್ನು ಇಡಬೇಕು, ಮುಂದಿನ ಸರದಿಯಲ್ಲಿ ಅದು ಚಾರ್ಮಿಲಿಯನ್ ಆಗಬೇಕು, ಅದರ ಮುಂದಿನ ಸರದಿಗೆ ಚಾರಿಜಾರ್ಡ್. ಹೊಡೆಯಲು 4 ಎನರ್ಜಿ ಬೇಕು. ಒಂದೊಂದಾಗಿ ಉಣಿಸಿದರೆ ನಾಲ್ಕನೆಯ ಸರದಿಗೆ ಮೊದಲ ಬೆಂಕಿ. ಅಲ್ಲಿಗೆ 3 ಪ್ರಾಣಿ, 4 ಎನರ್ಜಿ, ಒಟ್ಟು 7 ಕಾರ್ಡು ಒಂದೇ ಕಡೆ ಸುರಿದಂತಾಯಿತು. ಹೊಡೆದ ಪ್ರತಿಸಲವೂ 2 ಎನರ್ಜಿ ಕಾರ್ಡು ಎಸೆಯಬೇಕು. ಹಾಗಾಗಿ ಮತ್ತೆ ಬೆಂಕಿ ಉಗುಳುವುದು ಒಂದು ಸರದಿ ಬಿಟ್ಟು. ಒಂದು ಕಾರ್ಡೇ ಎರಡು ಎನರ್ಜಿಗೆ ಸಮನಾಗುವಂಥದ್ದೂ ಇದೆ; ಅದು ಸಿಕ್ಕರೆ ಒಂದು ಸರದಿ ಉಳಿಯುತ್ತದೆ, ಅಷ್ಟೆ.

ಈಗ ಅದೇ ಕಂತಿನ ಹಿಟ್‌ಮೋನ್‌ಚಾನ್ ನೋಡಿ. ಮುಷ್ಟಿ ಬಿಗಿದು ನಿಂತ ಆಳು, ಆಯುಸ್ಸು 70. ಮರಿಯೂ ಇಲ್ಲ, ಬೆಳೆಯುವುದೂ ಇಲ್ಲ. 1 ಎನರ್ಜಿ ಕೊಟ್ಟರೆ ಮೊದಲ ಸರದಿಗೇ 20ರ ಪೆಟ್ಟು. 3 ಆದಾಗ 40. ನಾಲ್ಕು ಸರದಿಗೆ 20, 20, 40, 40. ಕೂಡಿದರೆ 120. ಚಾರಿಜಾರ್ಡ್ ತನ್ನ ಮೊದಲ ನೂರನ್ನು ಮುಟ್ಟಿಸುವ ಹೊತ್ತಿಗೆ ಈ ಬಡಪಾಯಿ ಸದ್ದಿಲ್ಲದೆ ಅದಕ್ಕಿಂತ ಹೆಚ್ಚು ದುಡಿದಿರುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಹುಡುಗನೇ ಅದನ್ನು ಎತ್ತಿದ. ಹಿಟ್‌ಮೋನ್‌ಚಾನ್‌ನಂಥ ಜಟ್ಟಿಗಳ ಪೆಟ್ಟಿನಲ್ಲಿ 30 ಚಾರಿಜಾರ್ಡ್‌ಗೆ ತಾಗುವುದಿಲ್ಲ. ಎದುರುಬದುರು ನಿಂತರೆ 20ರ ಪೆಟ್ಟು ಸೊನ್ನೆ, 40ರದು ಬರೀ 10. ಮಾತು ನಿಜ. ಆದರೆ ಆ ರಕ್ಷಣೆ ಮರಿಗಳಿಗಿಲ್ಲ. ಚಾರ್ಮ್ಯಾಂಡರ್‌ನ ಆಯುಸ್ಸು 50 ಮಾತ್ರ. ಹಿಂದಿನ ಸಾಲಿನಲ್ಲಿ ಬಚ್ಚಿಟ್ಟರೆ ಗಸ್ಟ್ ಆಫ್ ವಿಂಡ್ ಎಂಬ ಕಾರ್ಡು ಅದನ್ನು ಎಳೆದು ಮುಂದೆ ನಿಲ್ಲಿಸುತ್ತದೆ. ಉಣಿಸಿದ ಎನರ್ಜಿಯನ್ನು ಕಿತ್ತೆಸೆಯುವ ಕಾರ್ಡುಗಳು ಬೇರೆ ಇವೆ. ಒಂದು ಕಿತ್ತರೆ ಹಿಟ್‌ಮೋನ್‌ಚಾನ್ ಉಳಿದುದರಲ್ಲೇ ಗುದ್ದುತ್ತದೆ, ಚಾರಿಜಾರ್ಡ್ ಕೈಕಟ್ಟಿ ಕೂರುತ್ತದೆ. ಕೊನೆಗೆ ಯಾವುದು ಬಿದ್ದರೂ ಎದುರಾಳಿಗೆ ಸಿಗುವ ಬಹುಮಾನ ಒಂದೇ. ಆದರೆ ಒಂದರ ಜೊತೆ ಎರಡು ಮೂರು ಕಾರ್ಡು ಹೋಗುತ್ತವೆ, ಇನ್ನೊಂದರ ಜೊತೆ ಮನೆಯೇ ಖಾಲಿ. ಆ ಕಾಲದ ಸ್ಪರ್ಧೆಗಳಲ್ಲಿ ಹಿಟ್‌ಮೋನ್‌ಚಾನ್, ಎಲೆಕ್ಟಬಝ್ ಇಂಥವನ್ನು ಸೇರಿಸಿದ 'ಹೇಮೇಕರ್' ಕಟ್ಟು ಹೆಸರು ಮಾಡಿದ್ದು ಈ ಲೆಕ್ಕದಿಂದಲೇ. ಅಪ್ಪ ಇಟ್ಟುಕೊಂಡಿದ್ದೂ ಅದನ್ನೇ. ಮಗು ದಡ್ಡನಲ್ಲ, ಅವನ ಕಟ್ಟು ನಿಧಾನದ್ದು.

ಹಾಗೆಂದು ಚಿಕ್ಕದೇ ಮೇಲು, ದೊಡ್ಡದು ದಂಡ ಎಂದು ತೀರ್ಪು ಕೊಟ್ಟರೆ ಅನ್ಯಾಯವಾಗುತ್ತದೆ. ಅದೇ ಕಂತಿನ ಬ್ಲಾಸ್ಟಾಯ್ಸ್ ಎಂಬ ಆಮೆಯೂ ಮೂರು ಮೆಟ್ಟಿಲು ಹತ್ತಿಯೇ ಬರಬೇಕು. ಆದರೂ ಅದರ ಕಟ್ಟು ಸ್ಪರ್ಧೆಗಳಲ್ಲಿ ಗಟ್ಟಿಯಾಗಿ ನಿಂತಿತು. ಏಕೆಂದರೆ ಅದು ಬಂದ ಮೇಲೆ ನೀರಿನ ಪ್ರಾಣಿಗಳಿಗೆ ಒಂದೇ ಸರದಿಯಲ್ಲಿ ಕೈಯಲ್ಲಿರುವ ಎಷ್ಟು ನೀರಿನ ಎನರ್ಜಿಯನ್ನಾದರೂ ಉಣಿಸಬಹುದು. ಒಂದು ಸರದಿಗೆ ಒಂದೇ ಎಂಬ ಕಟ್ಟಳೆಯನ್ನೇ ಅದು ಸಡಿಲಿಸಿತು. ಚಾರಿಜಾರ್ಡ್‌ಗೂ ಒಂದು ವಿಶೇಷ ಶಕ್ತಿಯಿದೆ: ತನ್ನ ಮೇಲಿನ ಎಲ್ಲ ಎನರ್ಜಿಯನ್ನೂ ಬೆಂಕಿಯದಾಗಿ ಮಾಡಿಕೊಳ್ಳುತ್ತದೆ. ಆದರೆ ಆ ಉಪಕಾರ ತನಗೆ ಮಾತ್ರ. ಮೇಲಾಗಿ ನೀರಿನ ಪೆಟ್ಟು ಚಾರಿಜಾರ್ಡ್‌ಗೆ ಇಮ್ಮಡಿ. 5 ಎನರ್ಜಿ ತುಂಬಿದ ಬ್ಲಾಸ್ಟಾಯ್ಸ್‌ನ 60ರ ಪೆಟ್ಟು ಇಲ್ಲಿ 120. ಒಂದೇ ಏಟಿಗೆ ಆಯುಸ್ಸು ಮುಗಿಯಿತು.

ನಮ್ಮ ಮನೆಗಳಲ್ಲಿ ಅಟ್ಟದ ಮೇಲೆ ಮದುವೆಯ ಕೊಪ್ಪರಿಗೆ ಇರುತ್ತದೆ, ಬಚ್ಚಲಲ್ಲಿ ಹಂಡೆ ಇರುತ್ತದೆ. ಎರಡೂ ದೊಡ್ಡವೇ, ಎರಡಕ್ಕೂ ಸೌದೆ ಬೇಕು. ಹಂಡೆ ಕಾದರೆ ಮನೆಮಂದಿಯೆಲ್ಲ ಮೀಯುತ್ತಾರೆ. ಕೊಪ್ಪರಿಗೆಯನ್ನು ಇಳಿಸಿ, ತೊಳೆದು, ಒಲೆ ಹೂಡುವಷ್ಟರಲ್ಲಿ ಹಸಿದವರು ಎದ್ದು ಹೋಗಿರುತ್ತಾರೆ. ಬ್ಲಾಸ್ಟಾಯ್ಸ್ ಹಂಡೆ, ಚಾರಿಜಾರ್ಡ್ ಕೊಪ್ಪರಿಗೆ.

ಹಾಗಾದರೆ ಅದಕ್ಕೆ ಅಷ್ಟು ಬೆಲೆ ಏಕೆ? ಮೊದಲ ಮುದ್ರಣದ, ಒಂದು ಗೀರೂ ಇಲ್ಲದ ಚಾರಿಜಾರ್ಡ್ ಕಾರ್ಡೊಂದು 2022ರಲ್ಲಿ 4 ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು. ಅದು ಚಿತ್ರದ ಬೆಲೆ, ವಿರಳತೆಯ ಬೆಲೆ, ಬಾಲ್ಯದ ನೆನಪಿನ ಬೆಲೆ. ಆಟದ ಬೆಲೆ ಅಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದಾಗಲೇ ಮಕ್ಕಳು ಸೋತು, ಸೋಲಿನ ಹೊರೆಯನ್ನು ತಮ್ಮ ಬುದ್ಧಿಯ ಮೇಲೆ ಹೊರಿಸಿಕೊಳ್ಳುವುದು.

ನನ್ನ ತೀರ್ಪು ಇಷ್ಟು. ಚಾರಿಜಾರ್ಡ್ ನೋಡಲು ಚೆಂದ, ಕೂಡಿಡಲು ಯೋಗ್ಯ, ಗೆಲ್ಲಲು ಸಾಲದು. ಕಾರ್ಡಿನ ಮೇಲೆ ಅಚ್ಚಾದ ದೊಡ್ಡ ಅಂಕಿಯನ್ನು ಓದುವುದು ಸುಲಭ. ಅದನ್ನು ಅಲ್ಲಿಗೆ ಮುಟ್ಟಿಸಲು ಎಷ್ಟು ಖರ್ಚಾಯಿತು, ಅಷ್ಟು ಹೊತ್ತು ಆಟವನ್ನು ಹಿಡಿದು ನಿಲ್ಲಿಸಿದವರು ಯಾರು, ಇದನ್ನು ಕಾರ್ಡು ಹೇಳುವುದಿಲ್ಲ. ಅದನ್ನು ನಾವೇ ಕೂಡಿ ಕಳೆದು ನೋಡಬೇಕು.