ಸೂಜಿ ಬೀಳಬಾರದು

ಟೆಕ್ಸಾಸ್‌ನಲ್ಲಿರುವ ನನ್ನ ಅಕ್ಕನ ಮಗ 2003ರ ಡಾಡ್ಜ್ ರ‍್ಯಾಮ್ ಪಿಕಪ್ ಕೊಂಡಿದ್ದಾನೆ. ಬಾನೆಟ್ ಎತ್ತಿದರೆ 5.9 ಲೀಟರಿನ ಆರು ಸಿಲಿಂಡರ್ ಕಮ್ಮಿನ್ಸ್ ಡೀಸೆಲ್ ಎಂಜಿನ್. ಕಾರ್ಖಾನೆ ಕೊಟ್ಟ ತಾಕತ್ತು 305 ಹಾರ್ಸ್‌ಪವರ್. “ಮಾವ, ನನಗೆ 500 ಬೇಕು. ಯಾವ ಇಂಜೆಕ್ಟರ್ ಹಾಕಿಸಲಿ?” ಎಂದು ಫೋನಿನಲ್ಲಿ ಕೇಳಿದ.

“ಇಂಜೆಕ್ಟರ್ ಆಮೇಲೆ. ಮೊದಲು ಪಂಪಿಗೆ ಹೋಗೋ ಲೈನಿಗೆ ಒಂದು ಪ್ರೆಶರ್ ಗೇಜ್ ಹಾಕಿಸು ಕಣೋ” ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಈ ವಾರದ ಅಂಕಣ ಅವನಿಗೂ ಅವನಂಥ ಉತ್ಸಾಹಿಗಳಿಗೂ.

ಮೊದಲು ಲೆಕ್ಕ ಹಾಕೋಣ. ಒಳ್ಳೆಯ ಡೀಸೆಲ್ ಎಂಜಿನ್ ಒಂದು ಕಿಲೋವ್ಯಾಟ್ ಶಕ್ತಿಯನ್ನು ಒಂದು ಗಂಟೆ ಕೊಡಲು ಸುಮಾರು 220 ಗ್ರಾಂ ಡೀಸೆಲ್ ಉರಿಸುತ್ತದೆ. 500 ಹಾರ್ಸ್‌ಪವರ್ ಎಂದರೆ 373 ಕಿಲೋವ್ಯಾಟ್. ಪೂರ್ತಿ ಆಕ್ಸಿಲರೇಟರ್ ಒತ್ತಿ ಹಿಡಿದರೆ ಗಂಟೆಗೆ 82 ಕಿಲೋ, ಹತ್ತಿರ ಹತ್ತಿರ ನೂರು ಲೀಟರ್. 305ಕ್ಕೆ ಅರವತ್ತು ಲೀಟರ್ ಸಾಕಿತ್ತು. 3000 ಆರ್‌ಪಿಎಂನಲ್ಲಿ ಆರೂ ಸಿಲಿಂಡರ್ ಸೇರಿ ನಿಮಿಷಕ್ಕೆ 9000 ಸಲ ಡೀಸೆಲ್ ಚಿಮ್ಮಬೇಕು. ಸಲಕ್ಕೆ 0.18 ಮಿಲಿಲೀಟರ್, ಅದೂ ಒಂದೂವರೆ ಮಿಲಿಸೆಕೆಂಡಿನ ಆಸುಪಾಸಿನಲ್ಲಿ. ಒಂದು ಸಲ ಕಡಿಮೆ ಬಿದ್ದರೂ ಆ ಸಿಲಿಂಡರಿನ ಕೆಲಸ ಅಷ್ಟು ಕುಂದಿತು.

ದಾವಣಗೆರೆಯಲ್ಲಿ ನಾನು ಹುಡುಗನಾಗಿದ್ದಾಗ ಶಾಲೆಯ ದಾರಿಯಲ್ಲಿ ಒಂದು ಡೀಸೆಲ್ ಪಂಪ್ ಸರ್ವಿಸ್ ಅಂಗಡಿಯಿತ್ತು. ಲಾರಿಗಳಿಂದ ಬಿಚ್ಚಿ ತಂದ ಮೈಕೋ ಪಂಪುಗಳನ್ನು ಬೆಂಚಿಗೆ ಕಟ್ಟಿ ತಿರುಗಿಸುತ್ತಿದ್ದರು. ಆರು ನಾಜಲ್, ಅವುಗಳ ಕೆಳಗೆ ಆರು ಗಾಜಿನ ಅಳತೆಕೊಳವೆ. ಆರರಲ್ಲೂ ಎಣ್ಣೆ ಒಂದೇ ಗೆರೆಗೆ ಬರುವವರೆಗೆ ಮೇಸ್ತ್ರಿ ಬಿಡುತ್ತಿರಲಿಲ್ಲ. ಆ ಗಾಜಿನ ಸಾಲಿನ ಮುಂದೆ ನಿಂತು ನಾನು ಎಷ್ಟೋ ಸಲ ಮೊದಲ ಗಂಟೆ ತಪ್ಪಿಸಿಕೊಂಡಿದ್ದೇನೆ. ಬೆಂಗಳೂರಿನ ಮೈಕೋ ಎಂದರೆ ಬಾಷ್. ಅಮೆರಿಕದ ಈ ಕಮ್ಮಿನ್ಸ್ ಪಿಕಪ್‌ಗಳಿಗೂ ಇಂಜೆಕ್ಷನ್ ಪಂಪ್ ಬಂದಿದ್ದು ಬಾಷ್‌ನಿಂದಲೇ.

1994ರಿಂದ 1998ರವರೆಗಿನ ಗಾಡಿಗಳಲ್ಲಿದ್ದದ್ದು ಪಿ7100. ಆರು ಎಲಿಮೆಂಟ್ ಸಾಲಾಗಿ ನಿಂತ, ಪೂರ್ತಿ ಯಾಂತ್ರಿಕವಾದ ಪಂಪ್. ನಮ್ಮ ಲಾರಿ ಪಂಪಿನ ದೊಡ್ಡಣ್ಣನೆಂದರೆ ಸರಿ. ಡೆಲಿವರಿ ವಾಲ್ವ್, ಗವರ್ನರ್ ಸ್ಪ್ರಿಂಗ್ ಬದಲಿಸಿದರೆ ಅದು ಎಣ್ಣೆಯನ್ನು ಧಾರಾಳವಾಗಿ ಸುರಿಯುತ್ತದೆ. ಇವತ್ತಿಗೂ ಅಲ್ಲಿನ ಪಂದ್ಯದ ಗಾಡಿಗಳಲ್ಲಿ ಅದಕ್ಕೆ ಗೌರವವಿದೆ. 1998ರ ನಡುವೆ ಬಂದದ್ದು ವಿಪಿ44, ಎಲೆಕ್ಟ್ರಾನಿಕ್ ಹಿಡಿತದ ರೋಟರಿ ಪಂಪ್. ಅದನ್ನು ತಂಪು ಮಾಡುವುದೂ ಅದರ ಭಾಗಗಳಿಗೆ ಜಿಡ್ಡು ಕೊಡುವುದೂ ಒಳಗೆ ಹರಿಯುವ ಡೀಸೆಲ್ಲೇ. ಅದಕ್ಕೆ ಎಣ್ಣೆ ತಳ್ಳುವ ಸಣ್ಣ ಫೀಡ್ ಪಂಪ್ ಸದ್ದಿಲ್ಲದೆ ಸೋಲುತ್ತಿತ್ತು. ಗಾಡಿ ಓಡುತ್ತಲೇ ಇರುತ್ತಿತ್ತು, ದುಬಾರಿ ವಿಪಿ44 ಒಳಗೊಳಗೇ ಸವೆದು ಸಾಯುತ್ತಿತ್ತು. ಗೇಜ್ ಇದ್ದವರು ಮಾತ್ರ ಬಚಾವಾದರು. ನನ್ನ ಹಟಕ್ಕೆ ಮೂಲ ಆ ಪಂಪುಗಳ ಕಥೆಯೇ.

ನಮ್ಮ ಹುಡುಗನ ಗಾಡಿಯದು ಕಾಮನ್ ರೈಲ್, ಅಂದರೆ ಆರೂ ಇಂಜೆಕ್ಟರುಗಳಿಗೆ ಎಣ್ಣೆ ಕೊಡುವ ಒಂದೇ ಒತ್ತಡದ ಕೊಳವೆ. ಸಿಪಿ3 ಎಂಬ ಮೂರು ಪಿಸ್ಟನ್ನಿನ ಪಂಪ್ ರೈಲಿನಲ್ಲಿ ಸುಮಾರು 1600 ಬಾರ್ ಒತ್ತಡ ಕಟ್ಟುತ್ತದೆ. ಗಟ್ಟಿಗ ಪಂಪ್, 500ರ ಗುರಿಗೆ ಅದನ್ನು ಬದಲಿಸಬೇಕಿಲ್ಲ. ತೊಡಕಿರುವುದು ಅದರ ಹಿಂದೆ. ಆ ವರ್ಷದ ಗಾಡಿಯಲ್ಲಿ ಫೀಡ್ ಪಂಪ್ ಎಂಜಿನ್ ಪಕ್ಕದಲ್ಲೇ ಕೂತಿದೆ, ಟ್ಯಾಂಕ್ ದೂರದಲ್ಲಿದೆ. ಅಷ್ಟುದ್ದದ ಪೈಪಿನಿಂದ ಎಣ್ಣೆಯನ್ನು ಎಳೆದುಕೊಳ್ಳಬೇಕು. ಎಳೆಯುವ ಪೈಪಿನಲ್ಲಿ ಜಾಯಿಂಟ್ ಎಲ್ಲಿ ಸಡಿಲವಿದ್ದರೂ ಗಾಳಿ ನುಗ್ಗುತ್ತದೆ. “ಏರ್ ಹಿಡಿದಿದೆ” ಎಂದು ರಸ್ತೆ ಪಕ್ಕ ಲಾರಿ ನಿಲ್ಲಿಸಿ, ಬೋಲ್ಟ್ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪ್ ಒತ್ತುವ ನಮ್ಮ ಡ್ರೈವರುಗಳಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಆದ್ದರಿಂದ ಕೆಲಸ ಟ್ಯಾಂಕಿನಿಂದಲೇ ಶುರುವಾಗಲಿ. ಟ್ಯಾಂಕಿನ ತಳದಿಂದ ಎಣ್ಣೆ ತೆಗೆಯುವ ದಾರಿ ಅಗಲವಾಗಬೇಕು. ಗಂಟೆಗೆ 150 ಗ್ಯಾಲನ್ ತಳ್ಳುವ ಎಲೆಕ್ಟ್ರಿಕ್ ಪಂಪನ್ನು ಟ್ಯಾಂಕಿನ ಪಕ್ಕದಲ್ಲೇ ಚಾಸಿಗೆ ಕಟ್ಟಬೇಕು. ನೀರು ಬೇರ್ಪಡಿಸುವ ಫಿಲ್ಟರ್ ಒಂದು, ಸಣ್ಣ ಕಣ ಹಿಡಿಯುವ ಫಿಲ್ಟರ್ ಇನ್ನೊಂದು. ಪೈಪಿನ ಒಳ ಅಳತೆಯನ್ನು ಮೂರೆಂಟಂಶ ಇಂಚಿನಿಂದ ಅರ್ಧ ಇಂಚಿಗೆ ಏರಿಸಿದರೆ ಹರಿಯುವ ಜಾಗ ಮುಕ್ಕಾಲು ಪಾಲಿಗಿಂತ ಹೆಚ್ಚು ಹಿಗ್ಗುತ್ತದೆ. ಇಷ್ಟಾದ ಮೇಲೆ ಇಂಜೆಕ್ಟರ್. ರಂಧ್ರ ಹಿಗ್ಗಿಸಿದ ನಾಜಲ್ ಕೊಳ್ಳುವಾಗ ಆರೂ ಒಂದೇ ಅಳತೆ ಸುರಿಯುತ್ತವೆ ಎಂಬ ಬೆಂಚ್ ವರದಿ ಕೇಳಿ ಪಡೆಯಬೇಕು. ದಾವಣಗೆರೆಯ ಮೇಸ್ತ್ರಿಯ ಗಾಜಿನ ಕೊಳವೆ ಹೇಳುತ್ತಿದ್ದುದೂ ಅದನ್ನೇ. ಸಾವಿರದ ಆಸೆಯುಳ್ಳವರು ಎರಡನೇ ಸಿಪಿ3 ಜೋಡಿಸುತ್ತಾರೆ. ಅದು ಬೇರೆಯದೇ ಲೋಕ, ಅಲ್ಲಿ ಗೇರ್‌ಬಾಕ್ಸೂ ಹೆಡ್ ಬೋಲ್ಟುಗಳೂ ಮೊದಲು ಕೈಚಾಚುತ್ತವೆ.

ಎಣ್ಣೆ ಹೆಚ್ಚಾದಷ್ಟು ಗಾಳಿಯೂ ಹೆಚ್ಚಾಗಬೇಕು. ಆಗದಿದ್ದರೆ ಉಳಿದದ್ದು ಕಪ್ಪು ಹೊಗೆ. ಹೊಗೆಯನ್ನು ಗತ್ತೆಂದುಕೊಳ್ಳುವವರ ಮೇಲೆ ನನಗೆ ಸಿಟ್ಟಿದೆ. ಅದು ದುಡ್ಡು ಕೊಟ್ಟು ಕೊಂಡ ಡೀಸೆಲ್ ಉರಿಯದೆ ಹಿಂದೆ ಬರುವವರ ಮುಖಕ್ಕೆ ಬಡಿಯುವುದು. ಒಳಗೆ ಬಿಸಿಯೂ ಏರುತ್ತದೆ. ಟರ್ಬೊಗೆ ಹೋಗುವ ಹೊಗೆ 700 ಡಿಗ್ರಿ ಸೆಲ್ಸಿಯಸ್ ದಾಟದಿರಲಿ ಎನ್ನುತ್ತಾರೆ ಅನುಭವಿಗಳು. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಶುದ್ಧ ಅಲ್ಯೂಮಿನಿಯಮ್ ಕರಗುವುದು 660ಕ್ಕೆ. ಹೊಗೆ ಶುದ್ಧ ಮಾಡುವ ಸಾಧನಗಳನ್ನು ಕಿತ್ತುಹಾಕುವುದು ಅಮೆರಿಕದ ಕಾನೂನಿಗೂ ವಿರುದ್ಧ. ಹಾಗೆ ಕಿತ್ತ ಡೀಸೆಲ್ ಪಿಕಪ್‌ಗಳು ಹತ್ತು ವರ್ಷದಲ್ಲಿ ಐದೂವರೆ ಲಕ್ಷ ಮೀರಿದವೆಂದು ಅಲ್ಲಿನ ಪರಿಸರ ಸಂಸ್ಥೆ 2020ರಲ್ಲಿ ಅಂದಾಜಿಸಿತು. ಶಕ್ತಿ ಬೇಕೆನ್ನುವವನು ಶುದ್ಧವಾಗಿ ಉರಿಸುವುದನ್ನೂ ಕಲಿಯಬೇಕು.

ಹುಡುಗ ಗೇಜ್ ಹಾಕಿಸಿ ಏರುರಸ್ತೆಯಲ್ಲಿ ಟ್ರೇಲರ್ ಎಳೆದ. ನಿಂತಲ್ಲಿ 9 ಪಿಎಸ್ಐ ತೋರಿಸುತ್ತಿದ್ದ ಸೂಜಿ ಪೂರ್ತಿ ಒತ್ತಿದಾಗ 3ಕ್ಕೆ ಬಿತ್ತು. ಅದೂ ಮೊದಲಿನ 305ರಲ್ಲೇ. ಬೇಡಿಕೆ ಏರಿಸುವ ಮೊದಲೇ ದಾರಿ ಕಿರಿದಾಗಿತ್ತೆಂದು ಕಣ್ಣಾರೆ ಕಂಡ. ಪಂಪು, ಪೈಪು, ಫಿಲ್ಟರ್ ಎಲ್ಲ ಬದಲಿಸಿ ಕಳೆದ ಭಾನುವಾರ ಅದೇ ಏರು ಹತ್ತಿ ಫೋನ್ ಮಾಡಿದ.

“ಮಾವ, 15ರಲ್ಲಿದ್ದ ಸೂಜಿ 14ಕ್ಕೂ ಇಳೀಲಿಲ್ಲ.”

“ಹಾಗಾದ್ರೆ ಈಗ ಹೇಳು, ಇಂಜೆಕ್ಟರ್ ಯಾವುದು ನೋಡಿದೀಯ?” ಎಂದು ಕೇಳಿದೆ.